ಬಲಗಡೆಯದು ಮೊದಲು

ಡಿಸೆಂಬರ್ ತಿಂಗಳು, ಬೆಳಗಿನ ಐದೂವರೆ.
ಬನಶಂಕರಿ ಡಿಪೋದಲ್ಲಿ ಎಲ್ಲರ ಬಾಯಲ್ಲೂ ಹಬೆ.
ಡ್ರೈವರ್ ಚಿಕ್ಕಮಾರಯ್ಯ ಮಫ್ಲರ್ ಸುತ್ತಿ
ಕಣ್ಣು ಮಾತ್ರ ಹೊರಗೆ ಬಿಟ್ಟಿದ್ದಾನೆ.
ನನ್ನ ಖಾಕಿಯ ಎರಡೂ ಕಂಕುಳಲ್ಲಿ
ಆಗಲೇ ತಟ್ಟೆಯಗಲ ಒದ್ದೆ.

ದುಡಿದ ಬೆವರು, ಬೆವರಿನ ಅನ್ನ
ಅಂತ ಮೇ ಒಂದಕ್ಕೆ ಭಾಷಣ ಮಾಡುತ್ತಾರೆ.
ಇದು ದುಡಿದದ್ದಲ್ಲ ಸ್ವಾಮಿ.
ಇನ್ನೂ ಒಂದು ಟಿಕೆಟ್ಟೂ ಕೊಟ್ಟಿಲ್ಲ,
ಸೀಟಿನಲ್ಲಿ ಸುಮ್ಮನೆ ಕೂತಿದ್ದೇನೆ.

ಪಟಿಕ ಉಜ್ಜಿದೆ. ನಿಂಬೆಹಣ್ಣು ಉಜ್ಜಿ ಉರಿಸಿಕೊಂಡೆ.
ಕುಪ್ಪಸದೊಳಗೆ ಹಳೇ ಪಂಚೆಯ ತುಂಡು ಹೊಲಿದೆ,
ಮಧ್ಯಾಹ್ನದ ಹೊತ್ತಿಗೆ ಅದನ್ನು ಹಿಂಡಬಹುದಿತ್ತು.
ಕಂಡಕ್ಟರ್ ಕೆಲಸವೆಂದರೆ ಕೈ ಎತ್ತುವ ಕೆಲಸ.
ಕಂಬಿ ಹಿಡಿದು ನಿಂತರೆ
ಕೂತವರ ಮೂಗಿಗೆ ಸರಿಯಾಗಿ ನಾನು.
ಮಲ್ಲೇಶ್ವರದಲ್ಲಿ ಒಬ್ಬಾಕೆ ಸೆರಗು ಮುಚ್ಚಿಕೊಂಡಳು,
ಚಿಲ್ಲರೆಯನ್ನು ಬೆರಳ ತುದಿಯಲ್ಲಿ ಇಸಕೊಂಡಳು.

ಮಾರ್ಕೆಟ್ ಹತ್ತಿರದ ದೊಡ್ಡಾಸ್ಪತ್ರೆ, ಚೀಟಿ ಹತ್ತು ರೂಪಾಯಿ.
ಡಾಕ್ಟರ್ ನಫೀಸಾ, ಸಣ್ಣ ವಯಸ್ಸು, ದಪ್ಪ ಕನ್ನಡಕ.
ಕಂಕುಳಿಗೆ ಅಯೋಡಿನ್ ಬಳಿದರು,
ಮೇಲೆ ಜೋಳದ ಹಿಟ್ಟು ಉದುರಿಸಿದರು.
ಕೈ ತಲೆ ಮೇಲಿಟ್ಟು ಕಾಯಿರಿ ಎಂದರು.
ಮೊದಲು ಚುಕ್ಕಿ, ಆಮೇಲೆ ಗೆರೆ,
ಆಮೇಲೆ ನೇರಳೆಗಪ್ಪಿನ ಒಂದು ಊರು.
ಕನ್ನಡಿಯಲ್ಲಿ ನೋಡಿ ನಗು ಬಂತು ನನಗೆ:
ನಡುವೆ ಮೆಜೆಸ್ಟಿಕ್, ಅಲ್ಲಿಂದ ತುಮಕೂರು ರಸ್ತೆ,
ಮೈಸೂರು ರಸ್ತೆ, ಸುತ್ತ ರಿಂಗ್ ರೋಡ್ ಬೇರೆ.
ಅವರು ಪೆನ್ನಿನಲ್ಲಿ ಅದರ ಎಲ್ಲೆ ಬರೆದರು.

ಸೂಜಿಮದ್ದು ಇದೆ, ಆರೇಳು ತಿಂಗಳಿಗೊಮ್ಮೆ,
ಬೆಲೆ ಹೇಳಿದರು, ನಾನು ಕಿಟಕಿ ನೋಡಿದೆ.
ಚರ್ಮವನ್ನೇ ಕತ್ತರಿಸಿ ಹೊಲಿಯುವುದೂ ಇದೆ,
ಗಾಯದ ಗೆರೆ ಬಿಗಿದು ಕೈ ಮೇಲೇಳದಿದ್ದರೆ
ಕಂಡಕ್ಟರಿಗೆ ಕಷ್ಟ, ಅಂದರು ತಾವೇ.
ಸಣ್ಣ ತೂತಿನಿಂದ ಕೊಳವೆ ತೂರಿಸಿ
ಚರ್ಮದ ಒಳಮೈಯಿಂದ ಗ್ರಂಥಿಗಳನ್ನು ಕೆರೆದು
ಹೀರಿ ತೆಗೆಯುವುದು ಇನ್ನೊಂದು,
ತೆಂಗಿನ ಗಿಟುಕು ಹೆರೆದ ಹಾಗೆ.

ಎದೆಯೊಳಗೆ ಹೋಗಿ ನರವನ್ನೇ ಕತ್ತರಿಸ್ತಾರಂತಲ್ಲ,
ನಮ್ಮ ಟೈಮ್‌ಕೀಪರ್ ಹೇಳಿದ್ದ, ಕೇಳಿದೆ.
ಕನ್ನಡಕ ತೆಗೆದು ಒರೆಸಿಕೊಂಡರು.
ಅಲ್ಲಿ ನಿಂತ ಬೆವರು ಬೆನ್ನಲ್ಲಿ ಬರಬಹುದು,
ಹೊಟ್ಟೆಯಲ್ಲಿ, ತೊಡೆಯಲ್ಲಿ, ಈಗಿನದಕ್ಕಿಂತ ಜಾಸ್ತಿ.
ಆಮೇಲೆ ವಾಪಸ್ ತರೋಕಾಗಲ್ಲ.
ಬರೀ ಕಂಕುಳಿಗೆ ನಾನಂತೂ ಬೇಡ ಅಂತೀನಿ.

ಅರ್ಥವಾಯಿತು. ಒಂದು ಸ್ಟಾಪ್ ಮುಚ್ಚಿದರೆ
ಜನ ಮನೆಗೆ ಹೋಗುತ್ತಾರಾ?
ಮುಂದಿನ ಸ್ಟಾಪಿನಲ್ಲಿ ಇಮ್ಮಡಿಯಾಗಿ ನುಗ್ಗುತ್ತಾರೆ.

ಕೆರೆಯುವುದೇ ಇರಲಿ ಎಂದೆ.
ಪೂರ್ತಿ ಹೋಗಲ್ಲ, ಅರ್ಧಕ್ಕಿಂತ ಹೆಚ್ಚು ಇಳಿದರೆ
ಗೆದ್ದ ಹಾಗೆ, ಎಂದರು. ಎರಡೂ ಒಟ್ಟಿಗಾ?
ಎರಡು ಕೈಯೂ ಕಟ್ಟಿಕೊಂಡು ಕೂತರೆ
ಅನ್ನ ಬಸಿಯೋರು ಯಾರು ಡಾಕ್ಟ್ರೇ?
ಬಲಗಡೆಯದು ಮೊದಲು.
ಅಲ್ಲಿಗೆ ಮಾತ್ರ ಮರವಟ್ಟಿಸಿದರು. ನೋವಿರಲಿಲ್ಲ,
ಸದ್ದಿತ್ತು. ಬಾಣಲೆಯ ತಳ ಕೆರೆಯುವ ಸದ್ದು,
ಬಾಣಲೆ ನಾನೇ.

ಮೂರು ವಾರ ನಾದಿನಿ ಜಡೆ ಹಾಕಿದಳು,
ಬಿಗಿಯಾಗಿ, ಹಳೇ ಸೇಡು ತೀರುವ ಹಾಗೆ.
ನೀಲಿಗಟ್ಟಿದ್ದು ಹಳದಿಯಾಯಿತು, ಹಳದಿ ಮಾಸಿತು.

ಈಗ ಏಪ್ರಿಲ್. ಖಾಕಿಯ ಬಲಕ್ಕೆ
ಒಂದು ಎಂಟಾಣೆಯಷ್ಟು ಒದ್ದೆ.
ಎಡಕ್ಕೆ ಅದೇ ಹಳೇ ತಟ್ಟೆ.
ಚಿಕ್ಕಮಾರಯ್ಯ ಕೇಳುತ್ತಾನೆ,
ಏನಕ್ಕಾ, ಒಂದೇ ಕಡೆ ಮಳೆ?

ನಿನ್ನೆ ಸಂಜೆ ಒಂದು ಹುಡುಗಿ,
ಕಾಲೇಜಿನ ಚೀಲ ಎದೆಗವಚಿ
ಮೊಣಕೈ ಎರಡೂ ಪಕ್ಕೆಗೆ ಅಂಟಿಸಿ
ಕಂಬಿ ಹಿಡಿಯದೆ ತೂರಾಡುತ್ತ ನಿಂತಿದ್ದಳು.
ಆ ಸೆಖೆಯಲ್ಲಿ ಕಪ್ಪು ಸ್ವೆಟರು.
ಹಿಡ್ಕೋ ಮಗಾ, ಬ್ರೇಕ್ ಹಾಕ್ತಾರೆ, ಅಂದೆ.
ತಲೆಯಾಡಿಸಿದಳು. ಹಿಡಿಯಲಿಲ್ಲ.
ಟಿಕೆಟ್ ಮಿಷನ್ ಬಲಗೈಗೆ ಬದಲಾಯಿಸಿಕೊಂಡು
ನಾನು ಎಡಗೈ ಎತ್ತಿ, ಅವಳೆದುರೇ, ಕಂಬಿ ಹಿಡಿದೆ.

ಯಶವಂತಪುರದಲ್ಲಿ ಇಳಿದು ಹೋದಳು.
ನೋಡಿದಳೋ ಇಲ್ಲವೋ.
ಎಡಗಡೆಗೆ ಜುಲೈನಲ್ಲಿ ಬನ್ನಿ ಎಂದಿದ್ದಾರೆ,
ರಜೆ ಇನ್ನೂ ಮಂಜೂರಾಗಿಲ್ಲ.